ಚಂದಾ ಪಟ್ಟಿಯ ಮೊದಲ ಹೆಸರು

ಊರವರ ಹತ್ತಿರ ಚಂದಾ ಎತ್ತಲು ಹೊರಟವನು ಒಂದು ದಿನವಾದರೂ ನಗೆಪಾಟಲಾಗದೆ ಮನೆ ಸೇರುವುದಿಲ್ಲ. ಮೂವತ್ತು ವರ್ಷದಿಂದ ಮಂಡ್ಯದ ಗುತ್ತಲು ರಸ್ತೆಯಲ್ಲಿ ಕಬ್ಬಿಣ, ಸಿಮೆಂಟ್ ಮಾರುತ್ತಿರುವ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಸಿಕ್ಕಿಹಾಕಿಕೊಂಡೆ.

೧. ಕೊಡೋದಾ, ಬರೆಯೋದಾ?

ಬಿಲ್ಲು ಹಾಕುವ ತಂತ್ರಾಂಶಕ್ಕೆ ವರ್ಷ ವರ್ಷ ದುಡ್ಡು ಕಟ್ಟುತ್ತಿದ್ದೆ. ಕಾಲೇಜಿನ ಕಂಪ್ಯೂಟರ್ ಮೇಷ್ಟ್ರೊಬ್ಬರು ಅದನ್ನು ತೆಗೆದು, ಕಾಸಿಲ್ಲದೆ ಸಿಗುವ ಕನ್ನಡದ್ದೊಂದನ್ನು ಹಾಕಿಕೊಟ್ಟರು. "ಇದು ಮುಕ್ತ ತಂತ್ರಾಂಶ. ಒಳಗೆ ಏನು ಬರೆದಿದ್ದಾರೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು" ಎಂದರು. ಬಿಲ್ಲು ಸರಿಯಾಗಿ ಬಂದರೆ ಸಾಕು, ತೆರೆದು ನೋಡಲು ನನಗೇನು ಹುಚ್ಚೆ?

ಮಂಡ್ಯ, ಮದ್ದೂರು, ಮಳವಳ್ಳಿಯ ಅಂಗಡಿಯವರಿಗೆಲ್ಲ ಇದನ್ನು ಕಲಿಸಬೇಕು, ಹಾಲ್ ಬಾಡಿಗೆಗೆ, ಪುಸ್ತಕ ಅಚ್ಚಿಗೆ ಚಂದಾ ಬೇಕು ಎಂಬುದು ಮೇಷ್ಟ್ರ ಆಸೆ. ಪಟ್ಟಿ ಅವರ ಕೈಲಿ, ಹಣ ಪಕ್ಕದಂಗಡಿಯ ಸಾಬರ ಕೈಲಿ. ಸಾಬರದು ಬೈಕ್ ಬಿಡಿಭಾಗಗಳ ವ್ಯಾಪಾರ. ನನ್ನ ಪಾಲಿನ ಬಂಡವಾಳ ನನ್ನ ಮಾತು. "ಮೇಷ್ಟ್ರಿಗೆ ನಾನು ಜವಾಬ್ದಾರಿ" ಅಂದರೆ ಪೇಟೆಯಲ್ಲಿ ಯಾರೂ ಎರಡನೇ ಮಾತಾಡುವುದಿಲ್ಲ.

ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಬರೆದೆ. ಮುಂದೆ ಇಪ್ಪತ್ತೈದು ಸಾವಿರ. ಮೇಲೆ ದೊಡ್ಡ ಮೊತ್ತ ಕಂಡರೆ ಕೆಳಗಿನವನಿಗೆ ನೂರು ಬರೆಯಲು ಕೈ ಬರುವುದಿಲ್ಲ.

ಮೇಷ್ಟ್ರು ಕಣ್ಣೊರೆಸಿಕೊಂಡರು. ಅವರು ಆ ಕಡೆ ಹೋದ ಮೇಲೆ ಸಾಬರು ನನ್ನ ಕಿವಿಯಲ್ಲಿ ಕೇಳಿದರು: "ಅಣ್ಣಾ, ಇದು ಕೊಡೋದಾ, ಬರೆಯೋದಾ?"

"ಬರೆಯೋದು."

೨. ಮದ್ದೂರಿನ ವಡೆ

ಮದ್ದೂರಿನ ಹೋಟೆಲ್ ಮಾಲೀಕರು ಪಟ್ಟಿ ಮುಟ್ಟಲೇ ಇಲ್ಲ. "ಪುಗಸಟ್ಟೆ ಅಂತೀರಿ, ದುಡ್ಡೂ ಕೇಳ್ತೀರಿ. ಮೋಸ ಎಲ್ಲೈತೆ ಅದನ್ನ ಮೊದ್ಲು ಏಳಿ" ಎಂದರು. ಮೇಷ್ಟ್ರು ಅರ್ಧ ಗಂಟೆ ವಿವರಿಸಿದರು. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. "ಯಾರ್ ಬೇಕಾದ್ರೂ ತೆರ್ದು ನೋಡ್ಬೋದು ಅಂದ್ರೆ? ಎದುರಂಗಡಿಯವ್ನು ನನ್ ಸಾಲದ ಲೆಕ್ಕ ನೋಡ್ಬುಟ್ರೆ?"

ಗಿರಾಕಿ ಕೈತಪ್ಪುವಂತಿದ್ದಾಗ ನಾನು ಬಾಯಿ ಹಾಕಿದೆ. "ಯಜಮಾನ್ರೇ, ನಿಮ್ಮ ವಡೆ ಹೇಗೆ ಮಾಡ್ತಾರೆ ಅಂತ ಊರಿಗೆಲ್ಲ ಗೊತ್ತು. ಅಷ್ಟಕ್ಕೆ ನಿಮ್ಮ ಗಲ್ಲಾಪೆಟ್ಟಿಗೆ ಯಾರಾದರೂ ತೆಗೀತಾರಾ? ಇದೂ ಹಾಗೇನೇ."

ಅವರ ಮುಖ ಕೆಂಪಾಯಿತು. "ನಮ್ ವಡೆ ಎಂಗೆ ಮಾಡ್ತಾರೆ ಅಂತ ಊರಿಗೆ ಏಳ್ದೋನು ಯಾರು?"

ಪಟ್ಟಿಯ ತಲೆಯಲ್ಲಿದ್ದ ನನ್ನ ಮೊತ್ತ ನೋಡಿ ಎರಡು ಸಾವಿರ ಎಸೆದು, ಅಡುಗೆಯವನನ್ನು ವಿಚಾರಿಸಲು ಒಳಗೆ ನುಗ್ಗಿದರು. ನಾವು ಕಾಫಿಗೂ ಕಾಯದೆ ಬಸ್ಸು ಹತ್ತಿದೆವು.

೩. ಮುತ್ತತ್ತಿಯ ಕೋಳಿ

ಪುಸ್ತಕ ಅಚ್ಚಾಗುವಷ್ಟರಲ್ಲಿ ವಾಟ್ಸಾಪಿನಲ್ಲಿ ಒಂದು ಫೋಟೋ ಓಡಾಡಿತು. ಮೇಷ್ಟ್ರು ಹೆಂಡತಿ, ಮಕ್ಕಳು, ನೆಂಟರೊಂದಿಗೆ ಮುತ್ತತ್ತಿಯ ಹೊಳೆ ದಡದಲ್ಲಿ ಎಲೆ ಮುಂದೆ ಕೂತಿದ್ದಾರೆ. ಕೆಳಗೆ ಮಳವಳ್ಳಿಯ ಗೊಬ್ಬರದಂಗಡಿಯವನ ಬರಹ: "ನಮ್ಮ ಚಂದಾ, ಮೇಷ್ಟ್ರ ಬಾಡೂಟ."

ಸಂಜೆಯೊಳಗೆ ನನಗೆ ಇಪ್ಪತ್ತು ಫೋನು. "ನೀವು ಜವಾಬ್ದಾರಿ ಅಂದಿದ್ರಿ." ಮರುದಿನವೇ ಮೇಷ್ಟ್ರನ್ನು ಕರೆದುಕೊಂಡು ಮಳವಳ್ಳಿಗೆ ಹೋದೆ. ಗೊಬ್ಬರದಂಗಡಿಯ ಮುಂದೆ ಆಗಲೇ ಹತ್ತು ಜನ.

"ಮಗನ ಮುಡಿ ಕೊಡೋದಿತ್ತು. ನನ್ನ ಸಂಬಳದ ದುಡ್ಡು" ಎಂದರು ಮೇಷ್ಟ್ರು.

ಗೊಬ್ಬರದಂಗಡಿಯವನು ತನಿಖೆ ಶುರು ಮಾಡಿದ. "ಏನ್ ಕುಯ್ಸುದ್ರಿ?"

"ಕೋಳಿ."

"ಎಷ್ಟು?"

"ಎರಡು ಕೆ.ಜಿ."

"ಜನ?"

"ಒಂಬತ್ತು."

ಅವನು ಗುಂಪಿನ ಕಡೆ ತಿರುಗಿದ. "ಒಂಬತ್ ಜನಕ್ಕೆ ಎರಡು ಕೇಜಿನಾ? ಬುಡ್ರಲಾ, ಇದು ಸ್ವಂತ ದುಡ್ಡೇ. ಚಂದಾ ದುಡ್ಡಾಗಿದ್ರೆ ಕುರಿ ಬೀಳ್ತಿತ್ತು."

೪. ಎಲ್ಲರ ಮುಂದೆ

ಕೋಳಿಯ ವಿಚಾರದಲ್ಲಿ ಬಿಟ್ಟರೂ ಲೆಕ್ಕದ ವಿಚಾರದಲ್ಲಿ ಬಿಡಲಿಲ್ಲ. ಮೂರೂ ಊರಿನವರು ಸಾಬರ ಅಂಗಡಿ ಮುಂದೆ ಸೇರಿದರು. ಮೇಷ್ಟ್ರು ತಾವೇ ಚಂದಾ ಪಟ್ಟಿಯನ್ನೂ ಖರ್ಚಿನ ಲೆಕ್ಕವನ್ನೂ ಗೋಡೆಗೆ ಅಂಟಿಸಿದರು. "ತಂತ್ರಾಂಶ ತೆರೆದಿಡಿ ಅನ್ನೋನು ನಾನು, ಲೆಕ್ಕ ಮುಚ್ಚಿಡ್ತೀನಾ?"

ಗೊಬ್ಬರದಂಗಡಿಯವನು ಫೋನಿನಲ್ಲಿ ಕೂಡಿದ. ಪಟ್ಟಿಯಲ್ಲಿ ಒಂದು ಲಕ್ಷದ ಹತ್ತು ಸಾವಿರ. ಖರ್ಚು, ಉಳಿಕೆ ಎರಡೂ ಸೇರಿ ಎಂಬತ್ತೈದು ಸಾವಿರ. ಎರಡು ಸಲ ಕೂಡಿದರೂ ಅಷ್ಟೇ.

"ಇಪ್ಪತ್ತೈದು ಸಾವ್ರ ಎಲ್ಲೋಯ್ತು ಮೇಷ್ಟ್ರೇ?"

ಮೇಷ್ಟ್ರು ಸಾಬರನ್ನು ನೋಡಿದರು. ಸಾಬರು ಗಡ್ಡ ನೀವುತ್ತ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

"ಪೊಲೀಸ್ಗೆ ಕೊಡಿ" ಎಂದ ಹಿಂದಿನಿಂದ ಯಾರೋ. ಮೇಷ್ಟ್ರು ಪೆನ್ನು ಹಿಡಿದು ಪಟ್ಟಿಯನ್ನು ಮತ್ತೆ ಮೊದಲಿನಿಂದ ಕೂಡತೊಡಗಿದರು. ನಾನು ಸುಮ್ಮನಿದ್ದರೆ ಆ ಮನುಷ್ಯನ ಹೆಸರು ಹೋಗುತ್ತದೆ. ಬಾಯಿ ಬಿಟ್ಟರೆ ನನ್ನ ಮೂವತ್ತು ವರ್ಷದ ಮಾತು. ಧರ್ಮ ಅಧರ್ಮ ಎಲ್ಲ ತೂಗಲಿಲ್ಲ. ಮೇಷ್ಟ್ರು ಜೈಲಿಗೆ ಹೋದರೆ ನನ್ನ ಬಿಲ್ಲಿನ ಕಂಪ್ಯೂಟರ್ ಕೆಟ್ಟಾಗ ನೋಡುವವರಾರು? ಎದ್ದು ನಿಂತೆ.

"ಆ ದುಡ್ಡು ನನ್ನ ಹತ್ರ ಇದೆ."

"ನಿಮ್ಮತ್ರ ಯಾಕೈತೆ?"

"ನಾನಿನ್ನೂ ಕೊಟ್ಟಿಲ್ಲ."

ಸಾಬರ ಗಲ್ಲಾದ ಮೇಲಿನ ಕ್ಯೂಆರ್ ಚೌಕಕ್ಕೆ ಫೋನು ಹಿಡಿದೆ. ಪಕ್ಕದಲ್ಲಿದ್ದ, ದುಡ್ಡು ಬಂದದ್ದನ್ನು ಹೇಳುವ ಡಬ್ಬಿ ಬೀದಿಗೆಲ್ಲ ಕೇಳುವಂತೆ ಕೂಗಿತು: "ಇಪ್ಪತ್ತೈದು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ."

ಗೊಬ್ಬರದಂಗಡಿಯವನು ಕೈಮುಗಿದ. "ಪಟ್ಟೀಲಿ ಮೊದ್ಲು ಎಸ್ರು ಬರ್ಸ್ದೋರು ದುಡ್ಡು ಕೊಟ್ಟಿದ್ದ ನಾನ್ ಇವತ್ತೇ ಕಣಣ್ಣ ನೋಡಿದ್ದು!"

ಮರುದಿನ ಇನ್ನೂ ಅಂಗಡಿ ಬಾಗಿಲು ಪೂರ್ತಿ ಎತ್ತಿರಲಿಲ್ಲ. ಎದುರು ಸಾಲಿನ ಬೆಲ್ಲದ ಮಂಡಿಯವರು ಬುಸುಗುಡುತ್ತ ಬಂದರು. "ಏನಣ್ಣ ಮಾಡ್ಬುಟ್ರಿ ನೀವು? ಭಜನೆಮನೆ ಕಟ್ಟೋ ಚಂದಾ ಪಟ್ಟೀಲಿ ಮೊದಲ್ನೇ ಎಸ್ರು ನಂದು, ಒಂದು ಲಕ್ಷ ಬರ್ಸಿವ್ನಿ! ನಾಕು ವರ್ಸದಿಂದ ಯಾರೂ ಕೇಳಿರ್ಲಿಲ್ಲ. ಇವತ್ತು ಮನೆ ಮುಂದೆ ಬಂದು ಕೂತವ್ರೆ. ಕಬ್ಬಿಣದಂಗಡಿಯೋರೇ ಕೊಟ್ರಲ್ಲ, ನೀವೂ ಕೊಡಿ ಅಂತಾವ್ರೆ!"

ನನಗೆ ನಗು ತಡೆಯಲಾಗಲಿಲ್ಲ. "ಬರೆದಿದ್ದೀರಿ, ಕೊಡಿ."

"ನಗ್ಬ್ಯಾಡಿ" ಎಂದರು ಅವರು. "ಎರಡನೇ ಎಸ್ರು ನಿಮ್ದೇ. ಐವತ್ತು ಸಾವ್ರ. ಜನ ನಂಬ್ಲಿ ಅಂತ ಅವತ್ತು ನಾನೇ ಬರ್ಸಿದ್ದೆ."

ಅವರ ಬೆನ್ನ ಹಿಂದೆಯೇ ಬಂದ ಭಜನೆಮನೆಯವರು ರಸೀದಿ ಪುಸ್ತಕ ಹಿಡಿದು ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಿದ್ದರು.