ಸವೆಯದ ಬ್ರೇಕು

ಬಟ್ಟೆ ಅಂಗಡಿ ಜಯದೇವಪ್ಪನವರ ಹೆಮ್ಮೆಯ ಆಸ್ತಿಗಳು ಎರಡೇ: ತುದಿ ತಿರುವಿದ ಮೀಸೆ, ಮತ್ತು ಇಡೀ ಬೇಲೂರಿಗೆ ಒಂದೇ ಒಂದಾಗಿದ್ದ ಅವರ ಕರೆಂಟ್ ಕಾರು. 2005ರ ದಸರೆಯಲ್ಲಿ ಅವರು ಕಾರನ್ನು ನಂಬಿ ಮೀಸೆಯನ್ನು ಪಣಕ್ಕಿಟ್ಟರು.

“ಆಕ್ಸಲರೇಟರ್ ಮೇಲಿಂದ ಕಾಲ್ ತೆಗೆದ್ರೆ ಸಾಕು ಕಣ್ರೀ, ಮೋಟಾರೇ ಗಾಡೀನ ಹಿಡ್ಕೊಳ್ತದೆ. ಬ್ಯಾಟರಿಗೆ ಕರೆಂಟೂ ವಾಪಸ್ ಬರ್ತದೆ. ಬ್ರೇಕ್ ಸವೆಯೋ ಮಾತೇ ಇಲ್ಲ!”

ಇದನ್ನು ಕೇಳಿ ಕೇಳಿ ಪಕ್ಕದ ಮನೆಯ ಟ್ಯಾಕ್ಸಿ ಗಂಗಾಧರಪ್ಪನಿಗೆ ತಲೆ ಕೆಟ್ಟಿತ್ತು. ವಿಜಯದಶಮಿಯ ಸಂಜೆ ಮೆಕ್ಯಾನಿಕ್ ತಿಮ್ಮಯ್ಯ ಎರಡೂ ಕಾರಿನ ಚಕ್ರ ಬಿಚ್ಚಿ ನೋಡುವುದು, ಯಾರ ಬ್ರೇಕ್ ಲೈನಿಂಗ್ ಹೆಚ್ಚು ಸವೆದಿದೆಯೋ ಅವರು ಮೀಸೆ ಬೋಳಿಸುವುದು ಎಂದು ಮಾತಾಯಿತು.

ಆಯುಧಪೂಜೆಯ ದಿನ ಜಯದೇವಪ್ಪನವರು ಎಮ್ಮೆ ತೊಳೆದ ಹಾಗೆ ಕಾರಿಗೆ ನೀರು ಹೊಯ್ದು, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರು. ಮರುದಿನ ಬೆಳಿಗ್ಗೆ, ಒಳ್ಳೆಯ ಮುಹೂರ್ತದಲ್ಲಿ ಚಕ್ರಗಳಡಿ ನಿಂಬೆಹಣ್ಣಿಟ್ಟು, ಹಳೇಬೀಡಿನ ಬೀಗರಿಗೆ ಸಿಹಿ ಕೊಡಲು ಹೊರಟರು. ಇಡೀ ಬೀದಿ ನೋಡುತ್ತಿತ್ತು. ಕಾರು ನರಳಿತೇ ಹೊರತು ನಿಂಬೆಹಣ್ಣು ಒಡೆಯಲಿಲ್ಲ.

“ಬಸವಣ್ಣ ಕೂತಂಗೆ ಕೂತೈತಲ್ಲಪ್ಪ!” ಎಂದರು ಎದುರು ಮನೆಯ ಚಲುವಮ್ಮ.

ಬೀದಿಯವರೆಲ್ಲ ಸೇರಿ ತಳ್ಳಿದರು. ಟಪ್ಪೆಂದು ಸದ್ದಾಗಿ ಕಾರು ನುಗ್ಗಿ, ನಿಂಬೆಹಣ್ಣಿನ ಜೊತೆಗೆ ಚಲುವಮ್ಮನ ರಂಗೋಲಿಯೂ ಹೋಯಿತು.

“ತುಳೀದೇ ತುಳೀದೇ ಬ್ರೇಕ್ ತುಕ್ಕು ಹಿಡಿದು ಅಂಟ್ಕೊಂಡಿತ್ತು ಸಾರ್,” ಎಂದ ತಿಮ್ಮಯ್ಯ. “ಆಗಾಗ ತುಳೀತಿರಿ.”

ಜಯದೇವಪ್ಪನವರು ದಾರಿಯುದ್ದಕ್ಕೂ ಮರಕ್ಕೊಮ್ಮೆ, ಹಸುವಿಗೊಮ್ಮೆ ತುಳಿದರು. ಬ್ಯಾಟರಿಗೆ ವಾಪಸ್ ಬರಬೇಕಾದ ಕರೆಂಟು ಬರಲಿಲ್ಲ. ರಾತ್ರಿಯಿಡೀ ಊರಲ್ಲಿ ಕರೆಂಟು ಹೋಗಿದ್ದರಿಂದ ಚಾರ್ಜೂ ಅರೆಬರೆಯಾಗಿತ್ತು. ವಾಪಸ್ ಬರುವಾಗ ಮಾದಿಹಳ್ಳಿಯ ಹತ್ತಿರ ಕಾರು ನಿಂತೇಬಿಟ್ಟಿತು.

ಹಿಂದಿನಿಂದ ಬಂದದ್ದು ಬೇರಾರೂ ಅಲ್ಲ, ಗಂಗಾಧರಪ್ಪ. ನಗುತ್ತಲೇ ತನ್ನ ಅಂಬಾಸಿಡರಿಗೆ ಹಗ್ಗ ಕಟ್ಟಿದ. “ಹಗ್ಗ ಸಡಿಲ ಬಿಡಬ್ಯಾಡಿ, ಬಂದು ಗುದ್ತೀರ. ಬ್ರೇಕ್ ಮೇಲೇ ಕಾಲಿಟ್ಟಿರಿ.”

ಗುದ್ದುವ ಭಯಕ್ಕೆ ಜಯದೇವಪ್ಪನವರು ಎರಡೂ ಕಾಲಲ್ಲಿ ಒತ್ತಿ ಹಿಡಿದರು. ಸತ್ತ ಮೋಟಾರು ಏನನ್ನೂ ಹಿಡಿಯಲಿಲ್ಲ. ಗುಡಿಯ ಗೋಪುರ ಕಾಣುವ ಹೊತ್ತಿಗೆ ಚಕ್ರಗಳಿಂದ ಹೊಗೆ ಬರುತ್ತಿತ್ತು.

ಸಂಜೆ ತಿಮ್ಮಯ್ಯ ಚಕ್ರ ಬಿಚ್ಚಿದ. ಗಂಗಾಧರಪ್ಪನ ಲೈನಿಂಗ್ ಅರ್ಧ ಉಳಿದಿತ್ತು. ಜಯದೇವಪ್ಪನವರದು ಸುಟ್ಟು ಇದ್ದಿಲಾಗಿತ್ತು.

“ಅಲ್ರೀ, ಅಷ್ಟು ದೂರ ನೀವೂ ಬ್ರೇಕ್ ತುಳಿದಿರ್ತೀರಲ್ಲ!”

“ನಾನ್ಯಾಕೆ ತುಳೀಲಿ?” ಎಂದ ಗಂಗಾಧರಪ್ಪ. “ಹಿಂದೆ ನೀವಿದ್ರಲ್ಲ. ಆಕ್ಸಲರೇಟರ್ ಮೇಲಿಂದ ಕಾಲ್ ತೆಗೆದ್ರೆ ಸಾಕು, ನನ್ ಗಾಡೀನೂ ತಾನೇ ನಿಲ್ತಿತ್ತು. ನೀವು ಹೇಳಿದ್ದು ನಿಜ ಕಣ್ರೀ, ಬ್ರೇಕ್ ಸವೆಯೋ ಮಾತೇ ಇಲ್ಲ!”

ಜಯದೇವಪ್ಪನವರು ಕ್ಷೌರದಂಗಡಿಯ ಕುರ್ಚಿಯಲ್ಲಿ ಎದೆಯುಬ್ಬಿಸಿಯೇ ಕೂತರು. ಕತ್ತಿ ಮೂಗಿನ ಕೆಳಗೆ ಬಂದಾಗ, ಕನ್ನಡಿಯಲ್ಲಿ ಕಾಣುತ್ತಿದ್ದ ಇಡೀ ಬೀದಿಗೆ ಕೇಳುವಂತೆ ಹೇಳಿದರು: “ಒಂದೇ ಬ್ರೇಕಲ್ಲಿ ಎರಡು ಕಾರು ನಿಲ್ಸಿದೆ. ಇಂಥ ಗಾಡಿ ಬೇಲೂರಲ್ಲಿ ಇನ್ಯಾರ ಹತ್ರ ಐತೆ ಹೇಳ್ರಪ್ಪ!”