ನನ್ನ ಚಾಯ ಕುಡಿದ ದ್ರೋಹಿ

ನನಗೊಬ್ಬ ಗೆಳೆಯನಿದ್ದಾನೆ. ಬೇಕಾದವರು ಬಂದು ಕರೆದುಕೊಂಡು ಹೋಗಬಹುದು. ಜೊತೆಗೆ ಒಂದು ಕೋಳಿಯನ್ನೂ ಕೊಡುತ್ತೇನೆ! ದಿನಾ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತು ನನ್ನ ಚಾಯ ಕುಡಿಯುತ್ತಾನೆ. ಅದು ಗಂಟಲಿನಿಂದ ಇಳಿಯುವ ಮೊದಲೇ ಕಲ್ಲೂರಿನ ಅಂಗಡಿ ಮುಂದೆ ನಿಂತು ನನ್ನ ಮಾನ ಕಳೆಯುತ್ತಾನೆ. ಬತ್ತೇರಿಯಲ್ಲಿ ಓದುವ ಮೊಮ್ಮಗಳು ಇದನ್ನೆಲ್ಲ ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು.

“ತಾತ, ಆ ತಾತ ಸ್ನೇಕ್!”

ಎದುರಿಗೆ ಹಲ್ಲು ಕಿರಿದು ಹಿಂದಿನಿಂದ ಕೈಕೊಡುವ ಗೆಳೆಯನಿಗೆ ಈಗಿನ ಮಕ್ಕಳು ಹೀಗನ್ನುತ್ತಾರಂತೆ. ಅಯ್ಯೋ, ಇಷ್ಟು ಚಿಕ್ಕ ಪದ ಇರುವಾಗ ನಾನು ಇಷ್ಟು ವರ್ಷ ಎಷ್ಟೊಂದು ಉದ್ದದ ಬೈಗುಳ ಖರ್ಚು ಮಾಡಿದೆನಲ್ಲ!

ಸಾಕ್ಷಿ ಬೇಕೆ? ಆನೆ ಅಂದರೆ ತನಗೆ ಲೆಕ್ಕವೇ ಇಲ್ಲ ಎಂದು ಪಕ್ಕದ ಮನೆಯವನು ಕೊಚ್ಚಿಕೊಳ್ಳುತ್ತಿದ್ದ. ಈ ಊರಲ್ಲಿ ಕೊಚ್ಚಿಕೊಳ್ಳುವ ಹಕ್ಕಿರುವುದು ನನಗೊಬ್ಬನಿಗೆ! ಮದುವೆ ಅಡುಗೆಯ ಪಾತ್ರೆ ತಂದು, ಅದರ ತಳವನ್ನು ಅವನ ಅಂಗಳದ ಕೆಸರಿಗೆ ಒತ್ತಿ ಒತ್ತಿ, ಬಾವಿಯವರೆಗೂ ಆನೆಯ ಹೆಜ್ಜೆ ಮೂಡಿಸಿದೆ. ಎಂಥ ಹೆಜ್ಜೆ! ಆನೆಯೇ ನೋಡಿದ್ದರೂ ತನ್ನದೆಂದು ಒಪ್ಪುತ್ತಿತ್ತು. ಪಾತ್ರೆಯ ಇನ್ನೊಂದು ಕಿವಿ ಹಿಡಿದಿದ್ದವನು ನನ್ನ ಗೆಳೆಯನೇ. ಪಕ್ಕದವನು ಬಾಗಿಲು ಹಾಕಿಕೊಂಡವನು ಹೊರಗೇ ಬರಲಿಲ್ಲ. ಕೊನೆಗೆ ಈ ಮಹಾಶಯ ಹೋಗಿ ಎಲ್ಲ ಹೇಳಿಬಿಟ್ಟ.

“ಯಾಕ್ಲಾ ಹೇಳ್ದೆ?”

“ಪಾಪ, ಹಸಾನೂ ಕರೀದೆ ಒಳ್ಗೇ ಕುಂತಿದ್ದ ಕಣ್ಲಾ.”

“ನೀನೂ ಪಾತ್ರೆ ಹಿಡ್ದಿದ್ದೆ ಅಂತ ಹೇಳ್ದಾ?”

“ಅದ್ನ ಅವ್ನು ಕೇಳ್ನಿಲ್ಲ!”

ಈ ಸಲ ನನ್ನ ಹಲಸಿಗೇ ಕೈಯಿಟ್ಟ. ಹಣ್ಣಿನ ವಾಸನೆಗೆ ಆನೆ ಬರುತ್ತದೆಂದು ನಮ್ಮ ಕಡೆ ಎಲ್ಲರೂ ಕಾಯಿ ಇರುವಾಗಲೇ ಕಿತ್ತುಹಾಕುತ್ತಾರೆ. ನಾನು ಎಲ್ಲರಂತೆಯೆ? “ನನ್ ಮರುಕ್ಕೆ ಆನೆ ಬಂದ್ರೂ ನನ್ನ ಕೇಳ್ಕಂಡೇ ಬತ್ತದೆ” ಎಂದು ಅಂಗಡಿಯಲ್ಲಿ ಸಾರಿದೆ. ಮರ ಇರುವುದು ನನ್ನ ಹೆಂಡತಿ ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡು. ಸೊಂಟ ಮುರಿದು ಮಂಚ ಹಿಡಿದಿರುವ ಅವಳು, “ಹಣ್ಣಾದ್ರೆ ಆನೆ ಈ ಗೋಡೆಗೇ ಬತ್ತದೆ, ಕೀಳ್ಸಿ ಅಂದ್ರೆ” ಎಂದು ಗೋಗರೆದಳು. ಕೀಳಿಸಿದರೆ ಅಂಗಡಿಯಲ್ಲಿ ನನ್ನ ಮಾತಿನ ಗತಿ?

ಕಣ್ಣು ತೋರಿಸಲು ಮೈಸೂರಿಗೆ ಹೋಗಿದ್ದೆ. ಸಂಜೆ ಬಸ್ಸಿಳಿದು ಬಂದು ನೋಡಿದರೆ ಮರ ಬೋಳು!

“ಸ್ನೇಕ್ ಅಂತ ನಾನ್ ಹೇಳ್ಲಿಲ್ವಾ ತಾತ?” ಎಂದಳು ಮೊಮ್ಮಗಳು. “ಏಣೀನೂ ನಮ್ದೇ!”

ಉಗಿಯಲೆಂದೇ ಅವನ ಮನೆಗೆ ನುಗ್ಗಿದೆ. ಅಂಗಳದಲ್ಲಿ ಅವನ ಹಸುಗಳು ನನ್ನ ಹಲಸು ಮೇಯುತ್ತಿದ್ದವು. ಅವನು ಜಗಲಿಯಲ್ಲಿ ಕೂತಿದ್ದ.

“ನನ್ ಹಲಸ್ನಕಾಯಿ ಕೀಳಕ್ಕೆ ಯಾರ್ಲಾ ಹೇಳಿದ್ದು?”

“ಯಾರೂ ಹೇಳ್ನಿಲ್ಲ.”

“ಮತ್ತೆ?”

“ಆನೆ ಬಂದ್ರೆ ನೀನು ಓಡೀಯೆ. ಕಾಲು ಗಟ್ಟಿ ಅವೆ.” ಅವನು ನನ್ನ ಮುಖ ನೋಡಲಿಲ್ಲ. “ಮಂಚ ಹಿಡ್ದಿರೋ ಅತ್ಗೆ ಏನ್ ಮಾಡ್ಬೇಕ್ಲಾ?”

ಆಗಲೇ ನಾನು ಅವನ ಕೈ ನೋಡಿದ್ದು. ಎಪ್ಪತ್ತು ದಾಟಿದ ಮುದುಕ ಮರ ಹತ್ತಿದ್ದಾನೆ! ಮೊಣಕೈ ತರಚಿದೆ. ಎರಡೂ ಕೈಗೆ ಹಲಸಿನ ಅಂಟು ಮೆತ್ತಿ, ಬೆರಳು ಬಿಡಿಸಲಾಗದೆ ಕೂತಿದ್ದಾನೆ.

ಅವನ ಸೊಸೆಯನ್ನು ಕೂಗಿ ಕೊಬ್ಬರಿ ಎಣ್ಣೆ ತರಿಸಿದೆ. ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ಹಿಡಿದು ಉಜ್ಜತೊಡಗಿದೆ.

“ಮೆಲ್ಗೆ ಉಜ್ಲಾ” ಎಂದ.

“ಸುಮ್ಕೆ ಕುಂತ್ಕ” ಎಂದೆ.

ಅಂಟೆಲ್ಲ ಹೋದ ಮೇಲೂ ಸ್ವಲ್ಪ ಹೊತ್ತು ಆ ಕೈ ಹಿಡಿದುಕೊಂಡೇ ಕೂತಿದ್ದೆ.