ಓಣಿಗೆ ಹಂಚಿಹೋದ ನನ್ನ ಪಾತರಗಿತ್ತಿಗಳು

ಪಾಠ ಹೇಳುವವರಿಗೆ ಬರುವ ದೊಡ್ಡ ಆಪತ್ತು ಯಾವುದೆಂದರೆ, ಕೇಳುವವರಿಗೆ ಅರ್ಥವಾಗದೆ ಹೋಗುವುದಲ್ಲ, ಪೂರ್ತಿ ಅರ್ಥವಾಗಿಬಿಡುವುದು. ನವಲಗುಂದದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾಗುವವರೆಗೆ ಈ ಆಪತ್ತು ನನ್ನ ಹತ್ತಿರ ಸುಳಿದಿರಲಿಲ್ಲ. ಮಕ್ಕಳು ನಾನು ಹೇಳಿದ್ದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಇಳಿಸಿ, ಹೊರಗೆ ಬಂದು ಮರೆಯುತ್ತಿದ್ದರು. ಯಾರಿಗೂ ತೊಂದರೆಯಾಗಲಿಲ್ಲ. ನಿವೃತ್ತಿಯ ಮೇಲೆ ನಾನು ಹೇಳಿದ ಒಂದು ಪಾಠ ಮಾತ್ರ ಅಕ್ಷರಶಃ ಅರ್ಥವಾಗಿ, ಆಚರಣೆಗೂ ಬಂತು. ಅರ್ಥಮಾಡಿಕೊಂಡವಳು ನನ್ನ ಮೈದುನನ ಹೆಂಡತಿ, ಒಂದೇ ಮನೆಯಲ್ಲಿ ನನ್ನೊಡನೆ ಬಾಳುತ್ತಿರುವ ನೆಗೆಣ್ಣಿ ಗಿರಿಜಾ.

ಕೆಲಸದಲ್ಲಿದ್ದಷ್ಟು ಕಾಲ ನಾನು ಶಲವಡಿಯ ಹೊಲಗಳಿಂದ ಹಿಡಿದು ನಮ್ಮ ಹಿತ್ತಲಿನವರೆಗೆ ಕೈಗೆ ಸಿಕ್ಕ ಕೀಟಗಳನ್ನೆಲ್ಲ ಸಂಗ್ರಹಿಸಿದ್ದೆ. ಪಾತರಗಿತ್ತಿ, ಮಿಡತೆ, ಜೀರುಂಡೆ ಎಲ್ಲವೂ ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಸಾಲಾಗಿ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಪ್ರತಿಯೊಂದರ ಕೆಳಗೂ ಸಿಕ್ಕ ಊರು, ದಿನ, ಕೂತಿದ್ದ ಗಿಡ ಬರೆದ ಚೀಟಿ. ಶಾಲೆಯ ವಿಜ್ಞಾನದ ಕೋಣೆಗೆ ಪಾಠ ತೋರಿಸುವ ದೊಡ್ಡ ಪರದೆ ಬಂದು ಜಾಗವಿಲ್ಲದಾದಾಗ ಪೆಟ್ಟಿಗೆಗಳು ನನ್ನೊಡನೆ ಮನೆಗೆ ಬಂದವು. ಬಂದು ಕೂತದ್ದು ಗಿರಿಜಾ ತವರಿನಿಂದ ತಂದ ಕಪಾಟಿನಲ್ಲಿ. ಅವಳ ಸೀರೆಗಳು ಮೇಲಿನ ಒಂದೇ ಖಾನೆಗೆ ಸರಿದು, ಪೆಟ್ಟಿಗೆಗಳಲ್ಲಿಟ್ಟ ನುಸಿಗುಳಿಗೆಯ ವಾಸನೆ ಹಿಡಿದವು. ಮದುವೆ ಮನೆಯಲ್ಲಿ ಅವಳ ಪಕ್ಕ ಕೂತವರು ಮೂಗು ಒರೆಸಿಕೊಳ್ಳುತ್ತ ಒಂದು ಸಾಲು ಹಿಂದಕ್ಕೆ ಹೋಗುತ್ತಿದ್ದರಂತೆ. ಗಿರಿಜಾ ಹೇಳುತ್ತಿದ್ದಳು; ನಾನು ಅದನ್ನು ದೂರು ಎಂದು ತಿಳಿದಿರಲಿಲ್ಲ, ವರದಿ ಎಂದುಕೊಂಡಿದ್ದೆ.

ಹೀಗಿರುವಾಗ ದೂರದ ಸಂಗ್ರಹಾಲಯವೊಂದರಿಂದ ಅನುಪಮಾ ಎಂಬ ಸಂಶೋಧಕಿಯ ಫೋನು ಬಂತು. ನಾನು ಬರೆದು ಕಳಿಸಿದ್ದ ಕೀಟಗಳ ಪಟ್ಟಿ ಅವರಿಗೆ ಹಿಡಿಸಿತ್ತು. ಬಂದು ಪೆಟ್ಟಿಗೆಗಳನ್ನು ಪರೀಕ್ಷಿಸುತ್ತಾರೆ, ಪಟ್ಟಿಯಲ್ಲಿ ಇದ್ದದ್ದು ಪೆಟ್ಟಿಗೆಯಲ್ಲೂ ಇದ್ದರೆ ಜಗತ್ತಿನ ಸಂಗ್ರಹಾಲಯಗಳನ್ನು ಜೋಡಿಸುವ ಜಾಲಕ್ಕೆ ನಮ್ಮದೂ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ನೆಲದ ಮೇಲೆ ನಡೆಯುವುದನ್ನು ಬಿಟ್ಟೆ. ಮೆಂತ್ಯೆಸೊಪ್ಪು ಸೋಸುತ್ತಿದ್ದ ಗಿರಿಜಾಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದೆ.

"ಅಂದ್ರ ಈ ಹುಳಾ ಎಲ್ಲಾ ಅವರು ಒಯ್ತಾರೇನ್ರಿ ಅಕ್ಕಾರ?" ಎಂದಳು, ದನಿಯಲ್ಲಿ ಹಬ್ಬ.

"ಏ ಹುಚ್ಚಿ, ಒಂದೂ ಒಯ್ಯಂಗಿಲ್ಲ. ಯಾರ ವಸ್ತು ಅವರ ಮನ್ಯಾಗ. ಯಾರರ ಏನರ ಹುಡುಕಿದ್ರ ಒಂದ ಕಡೆ ಕೇಳಿದ್ರ ಸಾಕು. ಹಾಜರಿ ಕೂಗಿದಂಗ ಆ ಪ್ರಶ್ನೆ ಎಲ್ಲಾರಿಗೂ ಹೋಗ್ತದ. ಇದ್ದವರು ನಮ್ಮಲ್ಲಿ ಅದ ಅಂತ ಹೇಳ್ತಾರ. ವಸ್ತು ಒಂದ ಕಡೆ ಕೂಡಬೇಕಂತಿಲ್ಲ, ಸುದ್ದಿ ಕೂಡಿದ್ರ ಆತು."

ಗಿರಿಜಾ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ನಮ್ಮ ಓಣ್ಯಾಗ ಹೋಳಿಗಿ ಹಂಚು ಪಾಟೀಲರ ಮನ್ಯಾಗ, ಶಾವಿಗಿ ಮಣಿ ನೀಲಮ್ಮನ ಮನ್ಯಾಗ ಇದ್ದಂಗ ಅನ್ರಿ." "ಅಗದಿ ಹಂಗ!" ಎಂದು ನಾನು ಅವಳ ಬೆನ್ನು ತಟ್ಟಿದೆ. ಅಂಥ ಜಾಣ ಉತ್ತರ ನನ್ನ ತರಗತಿಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಆಮೇಲೆ ನಾನು ಒಂದು ವಾರ ಬಮ್ಮಿಗಟ್ಟಿಯ ತಂಗಿಯ ಮನೆಗೆ ಹೋದೆ. ತಿರುಗಿ ಬಂದು, ಮರುದಿನ ಬರುವ ಅನುಪಮಾಗಾಗಿ ಚೀಟಿಗಳನ್ನು ನೋಡೋಣವೆಂದು ಕಪಾಟು ತೆರೆದರೆ, ಐದೂ ಖಾನೆಗಳಲ್ಲಿ ಇಳಕಲ್ ಸೀರೆಗಳು ಆರಾಮಾಗಿ ಮಲಗಿದ್ದವು.

"ಗಿರಿಜಾ! ಎಲ್ಲಿ ಅದಾವ ನನ್ನ ಪೆಟಗಿ?"

"ಹಂಚೇನ್ರಿ."

"ಹಂಚಿದಿ?"

"ನೀವ ಹೇಳಿದ್ರೆಲ್ಲಾ, ಒಂದ ಕಡೆ ಇರಬೇಕಂತಿಲ್ಲ ಅಂತ. ಓಣಿ ತುಂಬ ಇಟ್ಟೇನಿ. ಯಾರ ಮನ್ಯಾಗ ಏನೈತಿ ಅಂತ ಓಣಿಯ ಮೊಬೈಲ್ ಗ್ರೂಪ್‌ನಾಗ ಫೋಟೋ ಹಾಕೇನಿ. ಸುದ್ದಿ ಕೂಡೇತ್ರಿ."

ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಫೋನು. ಅನುಪಮಾ ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತಾಗಿತ್ತು. ಇನ್ನೊಂದು ಕೆಲಸ ಬೇಗ ಮುಗಿದದ್ದರಿಂದ ಇವತ್ತೇ ಬರುತ್ತಿದ್ದರು. ಬರುವವರಿಗೆ ಬೇಡ ಎನ್ನುವುದು ಹೇಗೆ? ಬಾಚಣಿಗೆಯಿಂದ ಕೂದಲನ್ನೂ, ಬೆದರಿಕೆಯಿಂದ ಗಿರಿಜಾಳನ್ನೂ ಸರಿಪಡಿಸಲು ನೋಡಿದೆ. ಕೂದಲು ಮಾತ್ರ ಕೇಳಿತು.

ಅನುಪಮಾ ಮೈಸೂರು ಕಡೆಯ ಮೃದು ಮಾತಿನ ಹುಡುಗಿ. ಚಹಾ ಕುಡಿದು, "ಮೇಡಮ್, ಜೀರುಂಡೆಗಳಿಂದ ಶುರು ಮಾಡೋಣವೇ?" ಎಂದರು. ನಾನು ಮಿಸುಕುವುದರೊಳಗೆ ಗಿರಿಜಾ ಮೊಬೈಲಿಗೆ ಬಾಯಿಟ್ಟು, "ಜೀರುಂಡಿ ಯಾರ ಮನ್ಯಾಗ ಅದಾವ್ರೇ?" ಎಂದು ಕೂಗಿ ಕಳಿಸಿದಳು. ಮೊಬೈಲು ಕೆಳಗಿಡುವ ಮೊದಲೇ ಟಿಣ್ ಎಂದಿತು: "ನಮ್ಮಲ್ಲಿ ಅದಾವ್ರಿ, ಬರ್ರಿ." ಸಂಶೋಧಕಿಯ ಹುಬ್ಬು ಮೇಲೇರಿತು. ನನ್ನ ತಲೆ ಕೆಳಗಿಳಿಯಿತು. ಮೂವರೂ ಓಣಿಗಿಳಿದೆವು.

ನೀಲಮ್ಮನ ಮನೆಯಲ್ಲಿ ಜೀರುಂಡೆಗಳು ಜೋಳದ ಚೀಲದ ಮೇಲೆ, ಬೇವಿನ ಎಲೆಯ ಹಾಸಿಗೆಯಲ್ಲಿದ್ದವು. ಪಾಟೀಲರ ಮನೆಯಲ್ಲಿ ಮಿಡತೆಗಳು ದೇವರ ಜಗಲಿಯ ಬಾಜು ಗೋಡೆಗೆ ನೇತಾಡುತ್ತಿದ್ದವು, ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ. "ಸೋಮವಾರ ಗೋಡಿ ಮ್ಯಾಲಿನ ಎಲ್ಲಾದಕ್ಕೂ ಹಚ್ತೀನ್ರಿ, ಇದಕ್ಕಷ್ಟ ಬಿಟ್ರ ಹೆಂಗ?" ಎಂದರು ಪಾಟೀಲರ ಮನೆಯ ಅಜ್ಜಿ. ಅನುಪಮಾ ವಿಭೂತಿ ಬಳಿದ ಗಾಜನ್ನೇ ಎತ್ತಿ ಚೀಟಿ ಓದಿದರು: ಸರಿ. ಮುಂದಿನದು: ಸರಿ. ಪಾತರಗಿತ್ತಿಗಳನ್ನಿಟ್ಟಿದ್ದ ಮನೆಯಿಂದ ಮಾತ್ರ ಗ್ರೂಪಿಗೆ ಉತ್ತರವಿಲ್ಲ. ಅಲ್ಲಿಯೇ ಪಟ್ಟಿಯ ಅತಿ ಬೆಲೆಯುಳ್ಳವು ಇದ್ದವು. ನಾನು ಗಿರಿಜಾಳನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಅವಳು ಪಕ್ಕದ ಮನೆಯ ಗೋಡೆಯ ಮೇಲಿಂದ, "ಏ ಶಾಂತವ್ವಾ, ಸತ್ತೀಯೋ ಬದುಕೀಯೋ ಬೇ?" ಎಂದಳು. "ಮೊಬೈಲಿನ ನೆಟ್ ಪ್ಯಾಕ್ ಮುಗದೈತಿ, ಬಾ ಒಳಗ!" ಎಂದಿತು ಗೋಡೆ. ಅನುಪಮಾ ನಕ್ಕುಬಿಟ್ಟರು. "ನಮ್ಮ ಜಾಲದಲ್ಲೂ ಒಂದೆರಡು ಸಂಗ್ರಹಾಲಯ ಹೀಗೇ ಉತ್ತರ ಕೊಡುವುದಿಲ್ಲ ಮೇಡಮ್. ನಮಗೆ ಕೂಗಲು ಗೋಡೆ ಇಲ್ಲ, ಅಷ್ಟೇ." ಶಾಂತವ್ವನ ಜಮಖಾನೆಯ ಸುರುಳಿಗಳ ನಡುವೆ, ಒಂದು ರೆಕ್ಕೆಯೂ ಅಲುಗದೆ, ನನ್ನ ಪಾತರಗಿತ್ತಿಗಳೆಲ್ಲ ಸಾಲಾಗಿ ನಿಂತಿದ್ದವು.

ಸಂಜೆಯ ಬಸ್ಸು ಹತ್ತುವ ಮೊದಲು ಅನುಪಮಾ ಪಟ್ಟಿಗೆ ಒಪ್ಪಿಗೆ ಹಾಕಿದರು; ಪೆಟ್ಟಿಗೆಗಳು ಇದ್ದ ಮನೆಗಳಲ್ಲೇ ಉಳಿದವು. ಕೆಲವು ವಾರಗಳಲ್ಲಿ ಜಗತ್ತಿನ ನಕ್ಷೆಯ ಮೇಲೆ ನವಲಗುಂದದಲ್ಲೊಂದು ಚುಕ್ಕೆ ಮೂಡಿತು. ನಾನು ಅದನ್ನು ಓಣಿಯ ಮನೆಮನೆಗೂ ತೋರಿಸಿ ಬಂದೆ, ಪೇಡೆ ಹಂಚಿದೆ, ಎದುರಾದವರಿಗೆಲ್ಲ ಕೇಳದಿದ್ದರೂ ವಿವರಿಸಿದೆ. ಯಾವುದೋ ದೇಶದ ಪಂಡಿತರೊಬ್ಬರು ನಮ್ಮ ಮಿಡತೆಯ ಫೋಟೋ ಬೇಡಿದ ದಿನವಂತೂ ಪಾಟೀಲರ ಅಜ್ಜಿ ಹೊಸ ವಿಭೂತಿಯನ್ನೇ ಹಚ್ಚಿದರು. ಜಾಲದ ಪುಟದಲ್ಲಿ ಕೀಟಗಳನ್ನು ಹಿಡಿದವರು ಎಂದು ನನ್ನ ಹೆಸರು ದೊಡ್ಡದಾಗಿಯೇ ಇದೆ. ಸಂಗ್ರಹದ ಉಸ್ತುವಾರಿ ಎಂಬಲ್ಲಿ ಮಾತ್ರ ಅನುಪಮಾ ಗಿರಿಜಾಳ ಹೆಸರು ಬರೆದಿದ್ದಾರೆ. ಉತ್ತರ ಬೇಗ ಬರುವುದು ಅಲ್ಲಿಂದಲೇ, ತಪ್ಪೇನೂ ಇಲ್ಲ.

ಮೊನ್ನೆ ಮಧ್ಯಾಹ್ನ ಯಾಕೋ ನನ್ನ ನೀಲಿ ಪಾತರಗಿತ್ತಿಯನ್ನು ನೋಡುವ ಆಸೆಯಾಯಿತು. ನೇರ ಹೋಗಲು ಚಪ್ಪಲಿ ಮೆಟ್ಟಿದಾಗ ಒಳಗಿನಿಂದ, "ಅಕ್ಕಾರ, ಗ್ರೂಪ್‌ನಾಗ ಹಾಕಿ ಹೋಗ್ರಿ, ಎಲ್ಲಾರಿಗೂ ಒಂದ ಪದ್ಧತಿ" ಎಂಬ ಸೂಚನೆ ಬಂತು. ಹಾಕಿದೆ. "ಯಾರ್ರಿ ನೋಡಾವ್ರು? ಎದಕ್ಕ?" ಎಂದು ಅಡುಗೆಮನೆಯಿಂದಲೇ ಗಿರಿಜಾಳ ಬರಹ. "ನಾನೇ ಹಿಡಿದದ್ದು" ಎಂದು ಬರೆದೆ. "ಗೊತ್ತೈತ್ರಿ. ಶಾಂತವ್ವ ರೊಟ್ಟಿ ಬಡಿಯಾಕತ್ತಾಳ, ತಡೀರಿ." ಜಗತ್ತಿನ ಪಂಡಿತರೆಲ್ಲ ಕಾಯುವಾಗ ನಾನೊಬ್ಬಳು ಶಿಸ್ತು ಮುರಿಯುವುದು ಚೆನ್ನಾಗಿರುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡೇ ಕಟ್ಟೆಯ ಮೇಲೆ ಕೂತು, ನನ್ನ ಸರದಿಗಾಗಿ ಕಾದೆ.